ವಿಮಾನ ನಿಲ್ದಾಣದ ವಾಹನ ಗೇಟ್: ತೆರೆಯುವುದು ಸುಲಭ, ಮುಚ್ಚಿಸುವುದು ಹೇಗೆ?

ನಗರಾಡಳಿತ ನಡೆಸುವ ಸಣ್ಣ ವಿಮಾನ ನಿಲ್ದಾಣಕ್ಕೆ ಗೇಟ್ ಭದ್ರತೆಯ ದುಡ್ಡು ಮಂಜೂರಾಯಿತೆಂದರೆ ಮೊದಲು ಕ್ಯಾಮೆರಾ ಬರುತ್ತದೆ, ಆಮೇಲೆ ದೊಡ್ಡ ಮೋಟಾರು, ಕೊನೆಗೆ ಕೆಂಪಕ್ಷರದ ಬೋರ್ಡು. ಇಷ್ಟೆಲ್ಲ ಆದಮೇಲೂ ಒಬ್ಬರು ಕಾರ್ಡ್ ತೋರಿಸಿ ಒಳಗೆ ಹೋದರೆ ಅವರ ಬೆನ್ನಿಗೇ ಇನ್ನೊಂದು ಕಾರು ಸಲೀಸಾಗಿ ನುಗ್ಗುತ್ತದೆ. ಇಂಥ ಗೇಟುಗಳನ್ನು ನೋಡಿ ನೋಡಿ ಸಾಕಾಗಿದೆ. ಬೀಗ ಒಡೆಯುವ ಕಷ್ಟ ಯಾರಿಗೂ ಬೇಕಿಲ್ಲ, ತೆರೆದಿದ್ದಾಗಲೇ ಬಂದರಾಯಿತು. ಆದ್ದರಿಂದ ಇಲ್ಲಿ ಹೆಚ್ಚಿನ ಮಾತು ಗೇಟು ಮುಚ್ಚುವುದರ ಬಗ್ಗೆಯೇ.

ಸುತ್ತು ಹೊಡೆದು ಲೆಕ್ಕ ಹಾಕಿ

ಬೇಲಿಯುದ್ದಕ್ಕೂ ಕಾಲ್ನಡಿಗೆಯಲ್ಲಿ ಒಂದು ಸುತ್ತು ಬನ್ನಿ. ಯಾವ ಗೇಟಿನಲ್ಲಿ ಯಾರು, ಯಾವ ವಾಹನದಲ್ಲಿ, ದಿನಕ್ಕೆಷ್ಟು ಸಲ ಓಡಾಡುತ್ತಾರೆಂದು ಬರೆದುಕೊಳ್ಳಿ: ಇಂಧನ ಟ್ಯಾಂಕರ್, ಹ್ಯಾಂಗರ್ ಬಾಡಿಗೆದಾರರು, ತರಬೇತಿ ಶಾಲೆಯವರು, ಹುಲ್ಲು ಕತ್ತರಿಸುವ ಟ್ರ್ಯಾಕ್ಟರ್, ಅಗ್ನಿಶಾಮಕ ದಳ. ವರ್ಷಕ್ಕೊಮ್ಮೆ ತೆರೆಯುವ ಗೇಟಿಗೆ ಮೋಟಾರು ಬೇಡ. ತುರ್ತು ದಾರಿಯಲ್ಲದಿದ್ದರೆ ಅಲ್ಲಿ ಬೇಲಿಯನ್ನೇ ಮುಂದುವರಿಸಿ. ಇಲ್ಲದ ಗೇಟಿನಷ್ಟು ಭದ್ರವಾದದ್ದು ಯಾವುದೂ ಇಲ್ಲ, ಅದಕ್ಕೆ ನಿರ್ವಹಣೆಯ ಖರ್ಚೂ ಇಲ್ಲ.

ಈ ಹಂತದಲ್ಲಿ ಯಾರಾದರೂ ಬಂದು ಲಾರಿ ಗುದ್ದಿದರೂ ಜಗ್ಗದ ಗೇಟು ಮಾರಲು ನೋಡುತ್ತಾರೆ. ಎಎಸ್‌ಟಿಎಂ ಎಫ್2656 ಮಾನದಂಡದಲ್ಲಿ ಎಂ30 ಎಂದರೆ ಸುಮಾರು 6,800 ಕಿಲೋ ತೂಕದ ಟ್ರಕ್ಕನ್ನು ಗಂಟೆಗೆ 48 ಕಿ.ಮೀ. ವೇಗದಲ್ಲಿ ಗುದ್ದಿಸಿ ಪರೀಕ್ಷಿಸಿದ್ದು ಎಂದರ್ಥ. ವಸ್ತು ಒಳ್ಳೆಯದೇ. ಆದರೆ ಅದರ ಪಕ್ಕದಲ್ಲೇ ತಂತಿ ಜಾಲರಿಯ ಬೇಲಿ ಇದ್ದರೆ ಗುದ್ದುವವನು ಎರಡು ಮೀಟರ್ ಆಚೆ ಗುದ್ದುತ್ತಾನೆ. ಬೇಲಿಗೆ ಅಷ್ಟೇ ಬಲ ಕೊಡಲಾಗದಿದ್ದರೆ ಆ ದುಡ್ಡನ್ನು ಬೇರೆ ಕಡೆ ಹಾಕಿ.

ಗೇಟಿನ ಜಾತಿ

ನೆಲದ ಹಳಿಯ ಮೇಲೆ ಉರುಳುವ ಗೇಟು ಬೇಡವೇ ಬೇಡ. ಹಳಿಯಲ್ಲಿ ಜಲ್ಲಿ ಕೂರುತ್ತದೆ, ಟೈರು ಅದನ್ನು ಎತ್ತಿಕೊಂಡು ಏಪ್ರನ್ ಕಡೆಗೆ, ಅಂದರೆ ವಿಮಾನ ನಿಲ್ಲುವ ಅಂಗಳದ ಕಡೆಗೆ ಒಯ್ಯುತ್ತದೆ. ವಿಮಾನದ ಪ್ರೊಪೆಲ್ಲರಿಗೆ, ಜೆಟ್ ಎಂಜಿನ್ನಿಗೆ ಅಂಥ ಒಂದೇ ಕಲ್ಲು ಸಾಕು. ನೆಲಕ್ಕೆ ತಾಗದೆ ಪಕ್ಕಕ್ಕೆ ಸರಿಯುವ ಕ್ಯಾಂಟಿಲಿವರ್ ಗೇಟು ಹಾಕಿ. ಅದಕ್ಕೆ ತೆರಪಿನ ಅಗಲದ ಸುಮಾರು ಒಂದೂವರೆಪಟ್ಟು ಉದ್ದದ ಚೌಕಟ್ಟು ಬೇಕು; ಅಷ್ಟು ಜಾಗ ಪಕ್ಕದಲ್ಲಿದೆಯೇ ಎಂದು ಮೊದಲೇ ಅಳೆದುಕೊಳ್ಳಿ. ಎತ್ತರ ಬೇಲಿಯಷ್ಟೇ ಇರಲಿ, ಕೆಳಗಿನ ಸಂದು ನಾಯಿ ನುಸುಳದಷ್ಟು ಕಿರಿದಾಗಿರಲಿ.

ಮುಚ್ಚುವ ಲೆಕ್ಕ

ಎಲ್ಲರೂ ಎಡವುವುದು ಇಲ್ಲಿ. 6 ಮೀಟರ್ ಅಗಲದ ಗೇಟು ಸೆಕೆಂಡಿಗೆ 30 ಸೆಂ.ಮೀ. ಸರಿಯುತ್ತದೆ ಎಂದಿಟ್ಟುಕೊಳ್ಳಿ, ಇದು ಸಾಮಾನ್ಯ ವೇಗ. ತೆರೆಯಲು 20 ಸೆಕೆಂಡು, ಮುಚ್ಚಲು 20. ನಡುವೆ ಟೈಮರಿನ 30 ಸೆಕೆಂಡು ಸೇರಿದರೆ ಒಟ್ಟು 70. ಕಾರು ದಾಟಲು ಬೇಕಾದದ್ದು ಮೂರ್ನಾಲ್ಕು ಸೆಕೆಂಡು. ಉಳಿದ ಹೊತ್ತೆಲ್ಲ ಹಿಂದಿನವನಿಗೆ ಬಿಟ್ಟುಕೊಟ್ಟಂತೆ.

ಮೊದಲ ಕೆಲಸ, ಟೈಮರನ್ನು ನಂಬುವುದು ಬಿಡುವುದು. ವಾಹನ ಗೇಟು ದಾಟಿದ ಕ್ಷಣದಲ್ಲೇ ಮುಚ್ಚಲು ಶುರುವಾಗಬೇಕು. ದಾಟಿದ್ದು ಗೊತ್ತಾಗುವುದು ರಸ್ತೆಯಲ್ಲಿ ಹೂತ ತಂತಿ ಸುತ್ತಿನಿಂದ, ಅಂದರೆ ಲೂಪಿನಿಂದ. ಗೇಟಿನ ಒಳಗೊಂದು, ಹೊರಗೊಂದು ಲೂಪ್ ಬೇಕು. ಎರಡೂ ಖಾಲಿಯಾದಾಗಷ್ಟೇ ಗೇಟು ಮುಚ್ಚಲು ಹೊರಡಬೇಕು. ಕಾರ್ಡ್ ತೋರಿಸಿಯೂ ಯಾರೂ ದಾಟದಿದ್ದರೆ ಮಾತ್ರ ಟೈಮರಿಗೆ ಕೆಲಸ.

ಎರಡನೆಯದು ಕಡಿಮೆ ತೆರೆಯುವುದು. ಕಾರಿನ ಕಾರ್ಡಿಗೆ ಗೇಟು 3.5 ಮೀಟರ್ ತೆರೆದರೆ ಸಾಕು, ಟ್ಯಾಂಕರಿನ ಕಾರ್ಡಿಗೆ ಪೂರ್ತಿ 6 ಮೀಟರ್. ಪೂರ್ತಿ ತೆರೆದ ಗೇಟು, ಕಾರು ನುಗ್ಗಲು ಕಷ್ಟವಾಗುವ 2 ಮೀಟರಿಗೆ ಕಿರಿದಾಗಲು 13 ಸೆಕೆಂಡು ಬೇಕು, 3.5 ಮೀಟರಿನಿಂದ ಹೊರಟರೆ ಐದೇ ಸೆಕೆಂಡು. ಹೆಚ್ಚಿನ ನಿಯಂತ್ರಣ ಬೋರ್ಡುಗಳಲ್ಲಿ ಈ ‘ಅರ್ಧ ತೆರೆ’ ಸೌಲಭ್ಯ ಮೊದಲಿಂದಲೂ ಇರುತ್ತದೆ, ಆನ್ ಮಾಡುವವರು ಕಡಿಮೆ.

ಮೂರನೆಯದರಲ್ಲಿ ಸುರಕ್ಷತೆ ಮತ್ತು ಭದ್ರತೆ ಒಂದಕ್ಕೊಂದು ಅಡ್ಡ ಬರುತ್ತವೆ. ಗೇಟು ಮುಚ್ಚುತ್ತಿರುವಾಗ ಎರಡನೇ ಕಾರು ಹೊರಗಿನ ಲೂಪಿನ ಮೇಲೆ ಬಂತು ಅನ್ನಿ. ಕಾರ್ಖಾನೆಯಿಂದ ಬಂದ ಸೆಟ್ಟಿಂಗಿನಲ್ಲಿ ಗೇಟು ಹಿಂದೆ ಸರಿದು ಪೂರ್ತಿ ತೆರೆಯುವುದೇ ಹೆಚ್ಚು. ನುಗ್ಗಲು ಬಂದವನಿಗೆ ಬಾಗಿಲು ತೆರೆದು ಸ್ವಾಗತ! ಬದಲಿಗೆ ಲೂಪ್ ಸಿಗ್ನಲ್ ಬಂದಾಗ ಗೇಟು ಇದ್ದಲ್ಲೇ ನಿಲ್ಲಲಿ, ಆ ಕಾರು ಹಿಂದೆ ಸರಿದ ಮೇಲೆ ಮುಚ್ಚುವುದನ್ನು ಮುಂದುವರಿಸಲಿ. ಆದರೆ ಗೇಟಿನ ಅಂಚಿನ ಒತ್ತು ಸೆನ್ಸರ್ ಯಾರಿಗಾದರೂ ತಾಗಿದರೆ, ಫೋಟೊ ಕಣ್ಣಿನ ಬೆಳಕಿನ ಕಿರಣಕ್ಕೆ ಮನುಷ್ಯ ಅಡ್ಡ ಬಂದರೆ, ಆಗ ಹಿಂದೆ ಸರಿಯಲೇಬೇಕು. ಮನುಷ್ಯ ಸಿಕ್ಕಿಹಾಕಿಕೊಳ್ಳಬಹುದಾದ ಪ್ರತಿಯೊಂದು ಜಾಗಕ್ಕೂ ಎರಡು ಸ್ವತಂತ್ರ ರಕ್ಷಣೆ ಇರಬೇಕೆನ್ನುವುದು ಮೋಟಾರು ಗೇಟುಗಳಿಗಿರುವ ಅಮೆರಿಕದ ಯುಎಲ್ 325 ಮಾನದಂಡದ ನಿಯಮ. ಮೋಟಾರು ತನ್ನಷ್ಟಕ್ಕೇ ಅಡಚಣೆ ಗುರುತಿಸುವುದು ಅದರಲ್ಲೊಂದಾದರೆ, ಇನ್ನೊಂದನ್ನು ನೀವೇ ಹಾಕಿಸಬೇಕು. ‘ಅಂಚಿನ ಸೆನ್ಸರ್ ಆಗಾಗ ಕೆಡುತ್ತೆ ಸಾರ್, ಬೈಪಾಸ್ ಮಾಡಿಬಿಡೋಣ’ ಎನ್ನುವ ಗುತ್ತಿಗೆದಾರನನ್ನು ಅಲ್ಲಿಂದಲೇ ಸಾಗಹಾಕಿ.

ಇನ್ನು ಲೂಪಿನ ಗಾತ್ರ. ಲೂಪ್ ತನ್ನ ಕಿರಿಯ ಬದಿಯ ಸುಮಾರು ಮೂರನೇ ಎರಡು ಪಾಲು ಎತ್ತರದವರೆಗೆ ಮಾತ್ರ ಲೋಹವನ್ನು ಗುರುತಿಸುತ್ತದೆ. 1.2 ಮೀಟರ್ ಬದಿಯಿದ್ದರೆ 80 ಸೆಂ.ಮೀ. ಅಷ್ಟೇ. ಟ್ಯಾಂಕರಿನ ಎರಡು ಚಕ್ರಗಳ ನಡುವಿನ ಹೊಟ್ಟೆ ಅದಕ್ಕಿಂತ ಮೇಲಿದ್ದರೆ ಲೂಪಿನ ಪಾಲಿಗೆ ವಾಹನವೇ ಮಾಯ. ಗೇಟು ಬಂದು ಇಂಧನ ತುಂಬಿದ ಟ್ಯಾಂಕರಿಗೆ ಬಡಿಯುತ್ತದೆ. ಸಾಮಾನಿನ ಟ್ರಾಲಿಗಳನ್ನು ಎಳೆದುಕೊಂಡು ಬರುವ ಟಗ್‌ನದ್ದೂ ಇದೇ ಕಥೆ, ಎರಡು ಟ್ರಾಲಿಗಳ ನಡುವೆ ಬರೀ ಒಂದು ಕಂಬಿ. ಅದಕ್ಕೇ ಕಿರಿಯ ಬದಿ 1.8 ಮೀಟರ್ ಇರಲಿ, ಜೊತೆಗೆ ಗೇಟಿನ ಗೆರೆಯಲ್ಲೇ ಎರಡು ಎತ್ತರದಲ್ಲಿ ಫೋಟೊ ಕಣ್ಣು ಹಾಕಿ. ಎರಡು ಲೂಪುಗಳ ನಡುವೆ ಸಿಕ್ಕುವ ಬೈಕನ್ನೂ ಅದು ಹಿಡಿಯುತ್ತದೆ.

ಲೂಪ್ ಹಾಕುವಾಗ ಎದುರಿಗೇ ನಿಂತಿರಿ. ತಂತಿಗಾಗಿ ಕಾಂಕ್ರೀಟಿನಲ್ಲಿ ಕೊರೆದ ಸೀಳಿನ ಮೂಲೆಗಳನ್ನು ಓರೆಯಾಗಿ ಕತ್ತರಿಸದಿದ್ದರೆ ಚೂಪು ಅಂಚು ತಂತಿಯ ಹೊದಿಕೆಯನ್ನು ಕೊಯ್ಯುತ್ತದೆ. ತಂತಿಗೆ ನಡುವೆ ಜಾಯಿಂಟ್ ಇರಕೂಡದು. ಲೂಪಿನಿಂದ ನಿಯಂತ್ರಣ ಡಬ್ಬದವರೆಗಿನ ಎರಡೂ ಎಳೆಗಳನ್ನು ಒಂದಕ್ಕೊಂದು ಹೊಸೆದಿರಬೇಕು, ಇಲ್ಲವಾದರೆ ಪಕ್ಕದ ರಸ್ತೆಯ ವಾಹನವೂ ಲೆಕ್ಕಕ್ಕೆ ಬರುತ್ತದೆ. ಗೇಟಿನಿಂದ ಲೂಪಿಗೆ ಕನಿಷ್ಠ 1.2 ಮೀಟರ್ ಅಂತರ ಬೇಕು. ಹತ್ತಿರವಾದರೆ ಸರಿಯುವ ಗೇಟನ್ನೇ ಅದು ವಾಹನ ಅಂದುಕೊಳ್ಳುತ್ತದೆ. ಅಕ್ಕಪಕ್ಕದ ಲೂಪುಗಳಿಗೆ ಬೇರೆ ಬೇರೆ ಫ್ರೀಕ್ವೆನ್ಸಿ ಕೊಡಿ. ಸೀಳು ಮುಚ್ಚುವ ಮೊದಲು ಮೆಗ್ಗರ್ ಎಂಬ ಮೀಟರ್ ಹಚ್ಚಿ ತಂತಿಯ ಇನ್ಸುಲೇಶನ್ ಅಳೆದು ಅಂಕಿ ಬರೆದಿಡಿ. ಮುಚ್ಚಿದ ಮೇಲೆ ಅಗೆಯುವವರು ಯಾರು?

ಕಾರ್ಡ್ ಮತ್ತು ಕೀಪ್ಯಾಡ್

ಎಲ್ಲರಿಗೂ ಒಂದೇ ಕೋಡ್ ಇರುವ ಕೀಪ್ಯಾಡಿಗೆ ಭದ್ರತೆ ಎನ್ನಬೇಡಿ. ಅದರಲ್ಲೂ ನಿಲ್ದಾಣದ ರೇಡಿಯೊ ಫ್ರೀಕ್ವೆನ್ಸಿಯನ್ನೋ ವಿಮಾನದ ಟ್ರಾನ್ಸ್‌ಪಾಂಡರ್ ರೇಡಾರಿಗೆ ಕಳಿಸುವ 7700ರಂಥ ತುರ್ತು ಸಂಖ್ಯೆಯನ್ನೋ ಕೋಡ್ ಮಾಡುವ ಚಾಳಿ ಇದೆ. ಪೈಲಟ್‌ಗಳಿಗೆ ನೆನಪಿರಲಿ ಎಂದು ಹಾಗೆ ಮಾಡುವುದು. ಆದರೆ ಆ ಅಂಕಿಗಳನ್ನು ಯಾರು ಬೇಕಾದರೂ ತಿಳಿದುಕೊಳ್ಳಬಹುದು.

125 ಕಿಲೋಹರ್ಟ್ಸ್‌ನ ಹಳೆ ಕಾರ್ಡುಗಳ ನಕಲು ಮಾಡುವ ಯಂತ್ರ ಅಗ್ಗಕ್ಕೆ ಸಿಗುತ್ತದೆ. 13.56 ಮೆಗಾಹರ್ಟ್ಸ್‌ನ, ಗೂಢಲಿಪೀಕರಣ ಇರುವ ಕಾರ್ಡನ್ನೇ ಕೊಳ್ಳಿ. ಕಾರ್ಡ್ ರೀಡರಿನಿಂದ ನಿಯಂತ್ರಕಕ್ಕೆ ವೀಗ್ಯಾಂಡ್ ಎಂಬ ಹಳೆ ಪದ್ಧತಿಯ ತಂತಿ ಬೇಡ, ಅದರಲ್ಲಿ ಕಾರ್ಡಿನ ಸಂಖ್ಯೆ ಬೆತ್ತಲೆಯಾಗಿ ಹೋಗುತ್ತದೆ. ಅದರ ಬದಲು ಬಂದ ಒಎಸ್‌ಡಿಪಿ ಪದ್ಧತಿ ಕೇಳಿ, ಅದರ ಸುರಕ್ಷಿತ ಮೋಡ್ ಆನ್ ಆಗಿದೆಯೇ ನೋಡಿ.

ಅಗ್ಗದ ಕೀಪ್ಯಾಡುಗಳಲ್ಲಿ ಇನ್ನೊಂದು ಪೀಡೆ: ಗೇಟು ತೆರೆಸುವ ವಿದ್ಯುತ್ ಸ್ವಿಚ್ಚು, ಅಂದರೆ ರಿಲೇ, ಅದೇ ಡಬ್ಬದೊಳಗೆ ಇರುತ್ತದೆ, ಡಬ್ಬವೋ ಗೇಟಿನ ಹೊರಗೆ. ಎರಡು ಸ್ಕ್ರೂ ಬಿಚ್ಚಿ ಎರಡು ತಂತಿ ತಾಗಿಸಿದರೆ ಗೇಟು ತೆರೆಯಿತು. ರಿಲೇ ಯಾವತ್ತೂ ಒಳಗಡೆಯೇ ಇರಬೇಕು. ಮೋಟಾರು ಡಬ್ಬದ ಕೀಲಿಯನ್ನೂ ಬದಲಿಸಿ. ಎಷ್ಟೋ ಕಂಪನಿಗಳು ಒಂದು ಮಾದರಿಯ ಎಲ್ಲ ಡಬ್ಬಗಳಿಗೂ ಒಂದೇ ಕೀಲಿ ಕೊಡುತ್ತವೆ.

ಹೊರಹೋಗುವಾಗಲೂ ಕಾರ್ಡ್ ಕೇಳಿ. ಒಳಗಿನಿಂದ ಬಂದವರಿಗೆಲ್ಲ ತಾನಾಗಿ ತೆರೆಯುವ ಗೇಟಿನ ಹೊರಗೆ ಕಾದು ಕುಳಿತವನಿಗೆ ಕಾರ್ಡೇ ಬೇಕಿಲ್ಲ. ಬೆಂಕಿಯಂಥ ತುರ್ತಿಗೆ ಒಳಬದಿಯಲ್ಲಿ ಗಾಜಿನ ಮುಚ್ಚಳದ ಗುಂಡಿ, ಒತ್ತಿದರೆ ಅಲಾರಂ.

ವಿದ್ಯುತ್ ಮತ್ತು ಅಗ್ನಿಶಾಮಕ ದಳ

ಬ್ಯಾಟರಿ ಬ್ಯಾಕಪ್, ಸಿಡಿಲಿಗೆ ಸರ್ಜ್ ರಕ್ಷಣೆ: ಟೆಂಡರಿನಲ್ಲೇ ಬರೆಯಿರಿ. ಕರೆಂಟು ಹೋದಾಗ ಗೇಟು ತಾನಾಗಿ ತೆರೆದುಕೊಳ್ಳಬೇಕೋ ಮುಚ್ಚಿಯೇ ಇರಬೇಕೋ ಎಂಬುದನ್ನು ಅಗ್ನಿಶಾಮಕ ದಳದೊಂದಿಗೆ ಕೂತು ತೀರ್ಮಾನಿಸಿ. ನನ್ನ ಪ್ರಕಾರ ಮುಚ್ಚಿಯೇ ಇರಲಿ, ದಳದವರ ಬಳಿ ಕೈಯಿಂದ ಬಿಡಿಸುವ ಕೀಲಿ ಇರಲಿ. ದೊಡ್ಡ ವಿಮಾನ ರಕ್ಷಣಾ ವಾಹನಗಳು 12 ಮೀಟರಿನ ಆಸುಪಾಸು ಉದ್ದವಿರುತ್ತವೆ. ಗೇಟಿನ ಮುಂದಿನ ತಿರುವಿನಲ್ಲಿ ಅದು ಹೊರಳುತ್ತದೆಯೇ ಎಂದು ನಕ್ಷೆ ನೋಡಿ ಹೇಳಬೇಡಿ, ವಾಹನವನ್ನೇ ತರಿಸಿ.

ಬಿಲ್ ಪಾಸು ಮಾಡುವ ಮೊದಲು

ಟ್ಯಾಂಕರ್, ಟ್ರಾಲಿ ಸಾಲು, ಬೈಕು, ಸೈಕಲ್ ಒಂದೊಂದನ್ನೂ ದಾಟಿಸಿ. ಅಂಚಿನ ಸೆನ್ಸರಿಗೆ ಮನುಷ್ಯನ ಬದಲು ರಟ್ಟಿನ ಪೆಟ್ಟಿಗೆ ಒಡ್ಡಿ. ಒಂದರ ಬೆನ್ನಿಗೇ ಇನ್ನೊಂದು ಕಾರು ಬಿಟ್ಟು ಅಲಾರಂ ಬರುತ್ತದೆಯೇ, ಕ್ಯಾಮೆರಾದಲ್ಲಿ ಎರಡನೇ ಕಾರಿನ ನಂಬರ್ ರಾತ್ರಿಯೂ ಓದಲು ಬರುತ್ತದೆಯೇ ನೋಡಿ. ಗೇಟಿನ ಒಳಗೆ ಒಂದು ವಾಹನ ನಿಲ್ಲುವಷ್ಟು ಜಾಗ ಬಿಟ್ಟು ಗೆರೆ ಎಳೆಸಿ, ಗೇಟು ಮುಚ್ಚುವ ತನಕ ಚಾಲಕ ಅಲ್ಲೇ ಕಾಯಬೇಕೆಂಬುದನ್ನು ಹ್ಯಾಂಗರ್ ಬಾಡಿಗೆ ಕರಾರಿನಲ್ಲೇ ಸೇರಿಸಿ.

ಹೊಸ ಕಾರ್ಡ್ ಶುರುವಾದ ದಿನವೇ ಹಳೆ ಕೀಪ್ಯಾಡ್ ಬಿಚ್ಚಿಸಿ, ಅದರ ತಂತಿಯನ್ನು ಮೋಟಾರು ಡಬ್ಬದವರೆಗೂ ಎಳೆಸಿ ತೆಗೆಸಿ. ‘ಇರಲಿ, ಬ್ಯಾಕಪ್ಪಿಗೆ ಬೇಕಾಗುತ್ತೆ’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಬೇಕಾಗುವುದಿಲ್ಲ.