ಕಂಟೇನರ್ ಯಾವ ವಿಳಾಸವನ್ನು ನೋಂದಾಯಿಸಬೇಕು?

ಕಂಟೇನರ್ (ಪ್ರೋಗ್ರಾಮೊಂದನ್ನು ಉಳಿದವುಗಳಿಂದ ಪ್ರತ್ಯೇಕವಾಗಿಟ್ಟು ಓಡಿಸುವ ಕಟ್ಟು) ಒಳಗೆ ಓಡುವ ಸೇವೆಯೊಂದು ಕಾನ್ಸಲ್ ಅಥವಾ ಯುರೇಕಾದಂಥ ರಿಜಿಸ್ಟ್ರಿಯಲ್ಲಿ (ಯಾವ ಸೇವೆ ಎಲ್ಲಿದೆ ಎಂದು ತಿಳಿಸುವ ಪಟ್ಟಿಯಲ್ಲಿ) ತನ್ನನ್ನು ನೋಂದಾಯಿಸಿಕೊಳ್ಳುವಾಗ ಹೆಸರಿನ ಜೊತೆಗೆ ಒಂದು ಐಪಿ ವಿಳಾಸವನ್ನೂ ಒಂದು ಪೋರ್ಟನ್ನೂ ಕೊಡಬೇಕಾಗುತ್ತದೆ. ಆ ವಿಳಾಸವನ್ನು ಬಳಸುವವರು ಬೇರೆ ಸೇವೆಗಳು. ಆದ್ದರಿಂದ ಅವು ಅದೇ ಹೋಸ್ಟ್‌ನಲ್ಲಿ (ಕಂಟೇನರ್ ಓಡುವ ಯಂತ್ರದಲ್ಲಿ) ಇವೆಯೇ, ಬೇರೆ ಹೋಸ್ಟ್‌ನಲ್ಲಿವೆಯೇ, ಕ್ಲಸ್ಟರಿನ (ಒಟ್ಟಾಗಿ ಕೆಲಸ ಮಾಡುವ ಹೋಸ್ಟ್‌ಗಳ ಗುಂಪಿನ) ಹೊರಗಿವೆಯೇ ಎಂಬುದನ್ನು ಮೊದಲು ಗುರುತಿಸಿಕೊಳ್ಳಿ.

ಸೇವೆ ಕರೆಗಳಿಗೆ ಕಿವಿಗೊಡುವ (ಬೈಂಡ್) ವಿಳಾಸವೂ ಇತರರಿಗೆ ಸಾರುವ (ಅಡ್ವರ್ಟೈಸ್) ವಿಳಾಸವೂ ಒಂದೇ ಆಗಿರಬೇಕಿಲ್ಲ. ಎಲ್ಲ ಇಂಟರ್‌ಫೇಸ್‌ಗಳಲ್ಲೂ (ಜಾಲದ ಸಂಪರ್ಕಗಳಲ್ಲೂ) ಕಿವಿಗೊಡಲು 0.0.0.0 ಸರಿಯಾದರೂ ಅದನ್ನೇ ನೋಂದಾಯಿಸಿದರೆ ಯಾರಿಗೂ ಉಪಯೋಗವಿಲ್ಲ, ಕರೆಯುವವರಿಗೆ ಅವರನ್ನೇ ಸೂಚಿಸುವ 127.0.0.1 ಕೂಡ ಹಾಗೆಯೇ. ಕಾನ್ಸಲ್‌ನಲ್ಲಿ ಬೈಂಡ್ ಮತ್ತು ಅಡ್ವರ್ಟೈಸ್ ಎಂಬ ಎರಡು ಬೇರೆ ಬೇರೆ ಸೆಟ್ಟಿಂಗ್‌ಗಳಿರುವುದು ಇದಕ್ಕಾಗಿಯೇ. ಎರಡನ್ನೂ ಹೇಳದೆ ಬಿಟ್ಟಾಗ ಯಂತ್ರದಲ್ಲಿ ಒಂದಕ್ಕಿಂತ ಹೆಚ್ಚು ಖಾಸಗಿ ಐಪಿವಿ4 ವಿಳಾಸಗಳು ಕಂಡುಬಂದರೆ ಕಾನ್ಸಲ್ ಊಹಿಸಲು ಹೋಗದೆ ದೋಷ ತೋರಿಸಿ ನಿಂತುಬಿಡುತ್ತದೆ. ನನಗೆ ಈ ಹಟ ಇಷ್ಟ.

ಕಂಟೇನರ್‌ಗಳನ್ನು ಓಡಿಸುವ ಡಾಕರ್‌ನ ಡಿಫಾಲ್ಟ್ ಬ್ರಿಡ್ಜ್ (ಒಂದು ಹೋಸ್ಟ್‌ನೊಳಗಿನ ಜಾಲ) ಸಾಮಾನ್ಯವಾಗಿ ಪ್ರತಿ ಹೋಸ್ಟ್‌ನಲ್ಲೂ 172.17.0.0/16 ಜಾಲವನ್ನೇ ಬಳಸುವುದರಿಂದ, ಮೊದಲು ಶುರುವಾದ ಕಂಟೇನರಿಗೆ ಎಲ್ಲ ಕಡೆಯೂ 172.17.0.2 ಸಿಗುತ್ತದೆ. ಒಮ್ಮೆ ನಮ್ಮ ಬಿಲ್ಲಿಂಗ್ ಸೇವೆ ಈ ವಿಳಾಸವನ್ನೇ ನೋಂದಾಯಿಸಿತ್ತು. ಇನ್ನೊಂದು ಹೋಸ್ಟ್‌ನಲ್ಲಿದ್ದ ಆರ್ಡರ್ ಸೇವೆಗೂ ಅಲ್ಲಿ ಅದೇ ವಿಳಾಸ, ಪೋರ್ಟ್ ಕೂಡ ಅದೇ 8080. ಬಿಲ್ಲಿಂಗ್ ಅನ್ನು ಕರೆದೆನೆಂದುಕೊಂಡು ಆರ್ಡರ್ ಸೇವೆ ತನ್ನನ್ನೇ ಕರೆದುಕೊಂಡು, ತಾನೇ ಕೊಟ್ಟ 404 (‘ಸಿಗಲಿಲ್ಲ’) ಉತ್ತರವನ್ನು ಲಾಗ್‌ನಲ್ಲಿ ಬರೆಯುತ್ತಿತ್ತು. ಸಂಪರ್ಕವೇ ಸಿಗದಿದ್ದರೆ ತಪ್ಪು ಬೇಗ ತಿಳಿಯುತ್ತಿತ್ತು. ಉತ್ತರ ಬರುತ್ತಿದ್ದುದರಿಂದ ನಾವು ಅರ್ಧ ದಿನ ಬಿಲ್ಲಿಂಗ್‌ನ ಕೋಡನ್ನೇ ಓದುತ್ತಾ ಕುಳಿತೆವು. ಹೀಗೆ ಬ್ರಿಡ್ಜ್ ಬಳಸುವಾಗ ಪೋರ್ಟನ್ನು ಪಬ್ಲಿಷ್ ಮಾಡಿ (ಹೋಸ್ಟ್‌ನ ಒಂದು ಪೋರ್ಟಿಗೆ ಜೋಡಿಸಿ), ಹೋಸ್ಟ್‌ನ ಐಪಿಯನ್ನೂ ಹೊರಗಿನ ಪೋರ್ಟನ್ನೂ ನೋಂದಾಯಿಸಬೇಕು. ಇವೆರಡೂ ಕಂಟೇನರ್ ಒಳಗಿನಿಂದ ಕಾಣುವುದಿಲ್ಲವಾದ್ದರಿಂದ ಶುರುಮಾಡುವಾಗಲೇ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಕಳಿಸಿಕೊಡಿ.

ಹಲವು ಹೋಸ್ಟ್‌ಗಳನ್ನು ಒಂದು ಕ್ಲಸ್ಟರ್ ಆಗಿ ನಡೆಸುವ ಡಾಕರ್ ಸ್ವಾರ್ಮ್‌ನ ಓವರ್‌ಲೇ ಜಾಲದಲ್ಲಿ (ಹೋಸ್ಟ್‌ಗಳಾಚೆಗೂ ಹರಡುವ ಜಾಲದಲ್ಲಿ) ತೊಡಕು ಬೇರೆ. ಅಲ್ಲಿ ಒಂದೇ ಕಂಟೇನರಿಗೆ ಓವರ್‌ಲೇಯ ಒಂದು ವಿಳಾಸವಿದ್ದರೆ, ಹೊರಜಗತ್ತಿಗೆ ಹೋಗುವ ಗೇಟ್‌ವೇ ಬ್ರಿಡ್ಜ್‌ನ ಇನ್ನೊಂದಿರುತ್ತದೆ. ಪೋರ್ಟ್ ಪಬ್ಲಿಷ್ ಮಾಡಿದ್ದರೆ ಹೊರಗಿನ ಕರೆಗಳನ್ನು ಒಳತರುವ ಇಂಗ್ರೆಸ್ ಜಾಲದ ಮೂರನೆಯದೂ ಸೇರುತ್ತದೆ. ಈಥ್0 (ಇಂಟರ್‌ಫೇಸ್‌ನ ಹೆಸರು) ಎಂದರೆ ಓವರ್‌ಲೇ ಎಂದು ನಂಬಿ ಸ್ಕ್ರಿಪ್ಟ್ ಬರೆಯಬೇಡಿ, ಏಕೆಂದರೆ ಜಾಲವೊಂದನ್ನು ಸೇರಿಸಿದಾಗ ಆ ಕ್ರಮ ಬದಲಾಗಬಹುದು. ಹೆಸರಿನ ಬದಲು ಸಬ್‌ನೆಟ್ (ಜಾಲದ ವಿಳಾಸಗಳ ವ್ಯಾಪ್ತಿ) ನೋಡಿ ಆರಿಸುವುದು ಮೇಲು: ಕಾನ್ಸಲ್‌ನಲ್ಲಿ ಇದಕ್ಕೆ ಟೆಂಪ್ಲೇಟ್ ಬರೆಯಬಹುದು, ಸ್ಪ್ರಿಂಗ್ ಕ್ಲೌಡ್‌ನಲ್ಲಿ ಪ್ರಿಫರ್ಡ್ ನೆಟ್‌ವರ್ಕ್ಸ್ ಎಂಬ ಸೆಟ್ಟಿಂಗ್ ಇದೆ. ಸಬ್‌ನೆಟ್ ಮೊದಲೇ ಗೊತ್ತಿಲ್ಲದಿದ್ದರೆ ಕರ್ನಲ್ಲನ್ನೇ ಕೇಳಿ. ಕರೆಯುವ ಸೇವೆಯ ವಿಳಾಸ 10.0.9.14 ಆಗಿದ್ದರೆ, ಕಂಟೇನರ್ ಒಳಗೆ ‘ಐಪಿ ರೂಟ್ ಗೆಟ್’ ಆಜ್ಞೆಗೆ ಅದನ್ನು ಕೊಡಿ. ಉತ್ತರದಲ್ಲಿ ‘ಎಸ್‌ಆರ್‌ಸಿ’ ಪದದ ಮುಂದೆ ಬರುವ, ಉದಾಹರಣೆಗೆ 10.0.9.7 ಎಂಬ ವಿಳಾಸವೇ ನೀವು ಸಾರಬೇಕಾದದ್ದು.

ಕಂಟೇನರ್‌ಗಳನ್ನು ಕ್ಲಸ್ಟರಿನಲ್ಲಿ ನಿರ್ವಹಿಸುವ ಕುಬರ್ನೆಟೀಸ್‌ನಲ್ಲಿ ಇಷ್ಟು ಕಷ್ಟವಿಲ್ಲ. ಡೌನ್‌ವರ್ಡ್ ಎಪಿಐ (ಪಾಡ್‌ನ ವಿವರಗಳನ್ನು ಅದರೊಳಗಿನ ಕಂಟೇನರಿಗೆ ತಿಳಿಸುವ ಸೌಲಭ್ಯ) ಮೂಲಕ ಪಾಡ್‌ನ, ಅಂದರೆ ಒಟ್ಟಿಗೆ ಓಡುವ ಕಂಟೇನರ್‌ಗಳ ಘಟಕದ, ಐಪಿಯನ್ನು ವೇರಿಯಬಲ್ ಆಗಿ ಪಡೆದು ಅದನ್ನೇ ನೋಂದಾಯಿಸಿದರೆ ಕ್ಲಸ್ಟರಿನ ಒಳಗೆ ಸಾಕು. ಹೊರಗಿನವರೂ ಕರೆಯಬೇಕಾದರೆ ಪಾಡ್‌ಗಳ ಸಬ್‌ನೆಟ್‌ಗೆ ಅಲ್ಲಿಂದ ದಾರಿ ಇದೆಯೇ ನೋಡಿ. ಎಲ್ಲ ಸೇವೆಗಳೂ ಒಂದೇ ಡಾಕರ್ ಜಾಲದಲ್ಲಿದ್ದರೆ ಪ್ರತ್ಯೇಕ ರಿಜಿಸ್ಟ್ರಿಯೇ ಅನಗತ್ಯ ಎನ್ನುವುದು ನನ್ನ ಅಭಿಪ್ರಾಯ: ನೀವೇ ರಚಿಸಿದ ಜಾಲದಲ್ಲಿ 127.0.0.11 ವಿಳಾಸದಲ್ಲಿರುವ ಡಾಕರ್‌ನ ಡಿಎನ್‌ಎಸ್ ಹೆಸರುಗಳನ್ನು ವಿಳಾಸಗಳಾಗಿ ಬಿಡಿಸಿಕೊಡುತ್ತದೆ, ಆದರೆ ಡಿಫಾಲ್ಟ್ ಬ್ರಿಡ್ಜ್‌ಗೆ ಈ ಸೌಲಭ್ಯವಿಲ್ಲ.

ಪರೀಕ್ಷೆಯನ್ನು ಯಾವಾಗಲೂ ಬೇರೆ ಹೋಸ್ಟ್‌ನ ಕಂಟೇನರಿನಿಂದಲೇ ಮಾಡಿ, ಉತ್ತರ ಬಂದರೆ ಸಾಲದು, ಉತ್ತರಿಸಿದವರು ಯಾರು ಎಂಬುದನ್ನು ಸೇವೆಯ ಹೆಸರಿನ ಸಮೇತ ಖಚಿತಪಡಿಸಿಕೊಳ್ಳಿ. ಕಂಟೇನರನ್ನು ಒಮ್ಮೆ ಅಳಿಸಿ ಮತ್ತೆ ಶುರುಮಾಡಿಯೂ ನೋಡಿ: ವಿಳಾಸ ಬದಲಾದಾಗ ಹಳೆಯ ನಮೂದು ರಿಜಿಸ್ಟ್ರಿಯಿಂದ ತಾನಾಗಿ ಹೋಗದಿದ್ದರೆ ಹೆಲ್ತ್ ಚೆಕ್‌ನ (ಸೇವೆ ಸರಿಯಾಗಿ ಓಡುತ್ತಿದೆಯೇ ಎಂಬ ಪರೀಕ್ಷೆಯ) ಜೊತೆಗೆ ಅವಧಿ ಮುಗಿದ ನಮೂದನ್ನು ತೆಗೆದುಹಾಕುವ ಸೆಟ್ಟಿಂಗನ್ನೂ ಹಾಕಬೇಕಾಗುತ್ತದೆ.