ಒಂದು ಕ್ಯಾನ್ಸರ್ ಜೀನ್‌ನ ಬೇರು ಹುಡುಕಿದ ನನ್ನ ಅನುಭವ

ಪ್ರಾಣಿಗಳಲ್ಲಿ ಕ್ಯಾನ್ಸರ್ ಎಲ್ಲಿಂದ ಬಂತು, ಮಿದುಳು ಎಲ್ಲಿಂದ ಬಂತು ಅಂತ ಒಟ್ಟಿಗೆ ಕೇಳಿದರೆ ಎಲ್ಲಿ ಶುರು ಮಾಡಬೇಕೋ ಗೊತ್ತಾಗುವುದಿಲ್ಲ. ಅದಕ್ಕೇ ನಾನು ಒಂದೇ ಜೀನ್ ಹಿಡಿದು ಹಿಂದಕ್ಕೆ ಹೋದೆ. ಅದು ಸಾರ್ಕ್ (Src), ಕೋಶಕ್ಕೆ ಬೆಳೆ ಅಂತ ಸಂಕೇತ ಕೊಡುವ ಒಂದು ಪ್ರೋಟೀನ್‌ನ ಜೀನ್. 1911ರಲ್ಲಿ ವಿಜ್ಞಾನಿ ಪೇಟನ್ ರೌಸ್ ಕೋಳಿಯ ಗಡ್ಡೆಯನ್ನು ಅರೆದು, ಜೀವಕೋಶಗಳು ದಾಟಲಾಗದ ಫಿಲ್ಟರ್‌ನಲ್ಲಿ ಸೋಸಿ, ಆ ರಸ ಚುಚ್ಚಿಯೇ ಬೇರೆ ಕೋಳಿಗೆ ಗಡ್ಡೆ ಬರಿಸಿದ್ದರಲ್ಲ, ಆ ವೈರಸ್‌ನಲ್ಲಿದ್ದ ಜೀನ್ ಇದು. ಅದರ ಮೂಲ ವೈರಸ್ ಅಲ್ಲ, ಕೋಳಿಯೇ ಅಂತ 1976ರಲ್ಲಿ ಬಿಷಪ್, ವಾರ್ಮಸ್ ತಂಡ ತೋರಿಸಿತು.

ಯೂನಿಪ್ರಾಟ್ ಅನ್ನುವ ಪ್ರೋಟೀನ್ ಮಾಹಿತಿ ತಾಣದಿಂದ ಮನುಷ್ಯನ ಸಾರ್ಕ್ ಪ್ರೋಟೀನ್ ಇಳಿಸಿಕೊಂಡೆ, 536 ಅಮೈನೋ ಆಮ್ಲ. ಹೋಲುವ ಸಾಲುಗಳನ್ನು ಹುಡುಕಿ ಅಂಕ ಕೊಡುವ ಬ್ಲಾಸ್ಟ್ ಅನ್ನುವ ತಂತ್ರಾಂಶದಲ್ಲಿ ಹಾಕಿ ಕೋಳಿ, ಹೈಡ್ರಾ, ಸ್ಪಂಜು ದಾಟಿ ಮೊನೊಸೀಗಾ ಬ್ರೆವಿಕಾಲಿಸ್‌ವರೆಗೆ ಹುಡುಕಿದೆ. ಇದು ಪ್ರಾಣಿಯೇ ಅಲ್ಲ, ಪ್ರಾಣಿಗಳಿಗೆ ತೀರಾ ಹತ್ತಿರದ ಏಕಕೋಶ ಜೀವಿಗಳಲ್ಲಿ ಒಂದು. ಅದರ ಜೀನೋಮ್ 2008ರಲ್ಲಿ ಬಂತು. ಇಲ್ಲಿ ಬರೀ ಬ್ಲಾಸ್ಟ್ ಅಂಕ ನೋಡಿ ಖುಷಿಪಡಬೇಡಿ. ಕೈನೇಸ್ ಭಾಗ, ಅಂದರೆ ಬೇರೆ ಪ್ರೋಟೀನ್‌ಗೆ ಫಾಸ್ಫೇಟ್ ಅಂಟಿಸುವ ಭಾಗ, ಎಷ್ಟೋ ಬೇರೆ ಪ್ರೋಟೀನ್‌ಗಳಲ್ಲೂ ಹೆಚ್ಚುಕಡಿಮೆ ಒಂದೇ ತರ ಇರುತ್ತದೆ. ಸಾರ್ಕ್‌ನ ಭಾಗಗಳಾದ ಎಸ್‌ಎಚ್3, ಎಸ್‌ಎಚ್2, ಆಮೇಲೆ ಕೈನೇಸ್, ಈ ಕ್ರಮ ಇದೆಯಾ ನೋಡಬೇಕು. ಸಿಕ್ಕಿದ್ದನ್ನು ತಿರುಗಿ ಮನುಷ್ಯನ ಪ್ರೋಟೀನ್‌ಗಳ ಮೇಲೆ ಹುಡುಕಿ, ಮತ್ತೆ ಸಾರ್ಕ್ ಗುಂಪೇ ಬರುತ್ತದಾ ಅಂತಲೂ ನೋಡಬೇಕು.

ಮೊನೊಸೀಗಾದಲ್ಲೂ ಸಾರ್ಕ್ ಇದೆ! ಮಿದುಳಿಲ್ಲ, ನರವಿಲ್ಲ, ಅಂಗಾಂಶವಿಲ್ಲ, ಆದರೂ ಇದೆ.

ನಿಜವಾದ ವಿಷಯ ಇರುವುದು ಬಾಲದಲ್ಲಿ. ಅಲೈನ್‌ಮೆಂಟ್‌ನಲ್ಲಿ, ಅಂದರೆ ಪ್ರೋಟೀನ್ ಸಾಲುಗಳನ್ನು ಒಂದರ ಕೆಳಗೊಂದು ಜೋಡಿಸಿಟ್ಟಾಗ, ಮನುಷ್ಯನ ಸಾಲನ್ನು ಬಲತುದಿಯಿಂದ ಓದಿ: ಕೊನೆಯಿಂದ ಏಳನೆಯದು ಟೈರೋಸಿನ್ ಅನ್ನುವ ಅಮೈನೋ ಆಮ್ಲ, 530ನೇ ಜಾಗ. ಸಿಎಸ್‌ಕೆ ಅನ್ನುವ ಇನ್ನೊಂದು ಪ್ರೋಟೀನ್ ಅದಕ್ಕೆ ಫಾಸ್ಫೇಟ್ ಅಂಟಿಸಿದರೆ ಸಾರ್ಕ್ ಮಡಚಿಕೊಂಡು ಸುಮ್ನಾಗುತ್ತದೆ. ಅದೇ ಬ್ರೇಕ್. ಈಗ ವೈರಸ್‌ನ ಸಾಲು ಅದರ ಕೆಳಗೆ ಇಟ್ಟು ನೋಡಿ. ಆ ತುದಿಯೇ ಇಲ್ಲ, ಅಲ್ಲಿ ಬೇರೆ ಏನೋ ಬಂದು ಕೂತಿದೆ. ಕೋಳಿಗೆ ಗಡ್ಡೆ ಬಂದದ್ದಕ್ಕೆ ಇದೇ ಮುಖ್ಯ ಕಾರಣ. ಇನ್ನು ಮೊನೊಸೀಗಾದಲ್ಲಿ ಸಿಎಸ್‌ಕೆ ಕೂಡ ಇದೆ, ಫಾಸ್ಫೇಟ್ ಅಂಟಿಸುತ್ತದೆ ಕೂಡ, ಆದರೆ ಸಾರ್ಕ್ ಸರಿಯಾಗಿ ನಿಲ್ಲುವುದಿಲ್ಲ ಅಂತ ಲ್ಯಾಬ್ ಪ್ರಯೋಗಗಳು ತೋರಿಸಿವೆ. ಅಂದರೆ ಎಂಜಿನ್ ಮೊದಲು ಬಂತು, ಬ್ರೇಕ್ ಬಿಗಿಯಾದದ್ದು ಆಮೇಲೆ, ಕೋಶಗಳು ಒಟ್ಟಿಗೆ ಬಾಳಲು ಶುರು ಮಾಡಿದ ಕಾಲದಲ್ಲಿ. ಇದು ನನ್ನ ಓದು, ಆದರೆ ಆ ಸಾಲುಗಳನ್ನು ಒಟ್ಟಿಗೆ ಇಟ್ಟು ನೋಡಿದ ಮೇಲೆ ಬೇರೆ ರೀತಿ ಯೋಚಿಸುವುದೇ ಕಷ್ಟ.

ಈ ಕಥೆಯಲ್ಲಿ ಮಿದುಳು ಎಲ್ಲಿ ಬಂತು ಅಂತೀರಾ? ನಮ್ಮ ನರಕೋಶಗಳಲ್ಲಿ ಇದೇ ಜೀನ್‌ನಿಂದ ಇನ್ನೊಂದು ರೂಪದ ಸಾರ್ಕ್ ತಯಾರಾಗುತ್ತದೆ. ಎಸ್‌ಎಚ್3 ಭಾಗದಲ್ಲಿ 6 ಅಮೈನೋ ಆಮ್ಲ ಜಾಸ್ತಿ, ಅಷ್ಟೇ ವ್ಯತ್ಯಾಸ, ಆದರೆ ಅದರ ಚುರುಕು ಜಾಸ್ತಿ.

ನೀವೂ ಹೀಗೆ ಹುಡುಕುವುದಾದರೆ ಮುಂದಿನದಕ್ಕೆ ಡಿಎಲ್‌ಜಿ (DLG) ಅನ್ನುವ ಜೀನ್ ತಗೊಳ್ಳಿ. ನಮ್ಮ ಮಿದುಳಿನ ಸಿನಾಪ್ಸ್‌ಗಳಲ್ಲಿ, ಅಂದರೆ ನರಕೋಶಗಳು ಒಂದಕ್ಕೊಂದು ಸಂಕೇತ ದಾಟಿಸುವ ಜಾಗಗಳಲ್ಲಿ, ತುಂಬಿರುವ ಪಿಎಸ್‌ಡಿ-95 ಪ್ರೋಟೀನ್ ಆ ಕುಟುಂಬದ್ದೇ. ಹಣ್ಣು ನೊಣದಲ್ಲಿ ಡಿಎಲ್‌ಜಿ ಕೆಟ್ಟರೆ ಮರಿಹುಳುವಿನೊಳಗೆ ಅಂಗಾಂಶ ಗಡ್ಡೆಯ ಹಾಗೆ ಬೆಳೆಯುತ್ತದೆ. ನರಕೋಶವೇ ಇಲ್ಲದ ಸ್ಪಂಜಿನಲ್ಲೂ ಅದು ಸಿಗುತ್ತದೆ.