ತಾತನ ಮನೆಯ ಮಣ್ಣಿನ ಜಾಲಿ ರಿಪೇರಿ ಮಾಡಿದ್ದು ಹೀಗೆ

ಬಸವನಗುಡಿಯ ನಮ್ಮ ಮನೆಯ ತಾರಸಿ ಸುತ್ತ ಸುಟ್ಟ ಮಣ್ಣಿನ ಜಾಲಿ, ಅಂದರೆ ತೂತುತೂತಿನ ಜಾಲರಿ ಇದೆ, ಮೂಲೆಗೊಂದು ಮಣ್ಣಿನ ಕಳಶ. ತಾತ ಕಟ್ಟಿಸಿದ್ದು. ಹತ್ತು ವರ್ಷದ ಹಿಂದೆ ಬಿರುಕು ಕಂಡಾಗ ನಾನೇ ಕಾಂಟ್ರಾಕ್ಟರ್ ಒಬ್ಬರನ್ನು ಕರೆದು ಸಿಮೆಂಟ್ ಮೆತ್ತಿಸಿದೆ, ಮೇಲೆ ಕೆಂಪು ಎಮಲ್ಷನ್ ಹೊಡೆಸಿದೆ. ಎರಡು ಮಳೆಗಾಲ ಲಕಲಕ ಅಂತಿತ್ತು. ಮೂರನೆಯದಕ್ಕೆ ಬಣ್ಣದ ಜೊತೆ ಮಣ್ಣಿನ ಮೈಯೂ ಹಪ್ಪಳದ ಹಾಗೆ ಎದ್ದು ಬಂತು.

ಸುಟ್ಟ ಮಣ್ಣು ನೀರು ಕುಡಿಯುತ್ತದೆ, ಬಿಸಿಲಿಗೆ ಬಿಟ್ಟುಕೊಡುತ್ತದೆ. ಮಡಕೆ ನೀರು ತಣ್ಣಗಿರುವುದು ಅದರಿಂದಲೇ ಅಲ್ವಾ? ಸಂದಿನಲ್ಲಿ ಗಟ್ಟಿ ಸಿಮೆಂಟ್, ಮೈಮೇಲೆ ಪ್ಲಾಸ್ಟಿಕ್ ಬಣ್ಣ ಇದ್ದರೆ ಒಳಗಿನ ನೀರಿಗೆ ದಾರಿಯಿಲ್ಲ. ಉಪ್ಪು ಅಲ್ಲೇ ಹರಳುಗಟ್ಟಿ ಮೇಲ್ಪದರವನ್ನು ಒದ್ದು ಬೀಳಿಸುತ್ತದೆ.

ಕೆಲಸಕ್ಕೆ ಜನವರಿ, ಫೆಬ್ರವರಿ ಒಳ್ಳೆಯದು. ಮೊದಲು ನೀರು ಎಲ್ಲಿಂದ ಬರುತ್ತಿದೆ ನೋಡಿ: ಕಟ್ಟಿಕೊಂಡ ಪೈಪು, ಸಂದಿನಲ್ಲಿ ಬೇರೂರಿದ ಅರಳಿ ಗಿಡ. ಅದನ್ನು ಸರಿಮಾಡದೆ ಬೇರೆ ಏನು ಮಾಡಿದರೂ ದುಡ್ಡು ದಂಡ.

ಆಮೇಲೆ ಪ್ರತಿ ತುಂಡನ್ನೂ ಬೆರಳ ಗೆಣ್ಣಿನಿಂದ ತಟ್ಟಿ, ಮಡಕೆ ಕೊಳ್ಳುವಾಗ ತಟ್ಟುವ ಹಾಗೆ. ಟಣ್ ಅಂದರೆ ಮುಟ್ಟಬೇಡಿ. ಬೊದ್ ಅಂದರೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ತೊಳೆಯಲು ಬರೀ ನೀರು, ಮೆತ್ತನೆ ಬ್ರಶ್ ಸಾಕು. ಆಸಿಡ್, ಮರಳು ಊದುವ ಮೆಷಿನ್ ಎರಡೂ ಬೇಡವೇ ಬೇಡ. ಗೂಡಿನಲ್ಲಿ ಬೆಂದು ಬಂದ ಗಟ್ಟಿ ಮೇಲ್ಮೈ ಒಮ್ಮೆ ಹೋದರೆ ಮತ್ತೆ ಬರುವುದಿಲ್ಲ. ಬಿಳಿ ಉಪ್ಪು ಕಂಡಲ್ಲಿ ನೆನೆಸಿದ ಟಿಶ್ಯೂ ಕಾಗದವನ್ನು ದಪ್ಪಗೆ ಮೆತ್ತಿ. ಅದು ಒಣಗುತ್ತಾ ಉಪ್ಪನ್ನು ಎಳೆದುಕೊಳ್ಳುತ್ತದೆ. ನಾನು ಮೂರು ಸಲ ಮೆತ್ತಿದೆ.

ಸಿಮೆಂಟ್ ತೆಗೆಯುವುದೇ ದೊಡ್ಡ ಗೋಳು. ಸಣ್ಣ ಉಳಿ, ಸಣ್ಣ ಸುತ್ತಿಗೆ, ಬೇಕಾದಷ್ಟು ತಾಳ್ಮೆ. ಅವಸರಪಟ್ಟು ನಾನೇ ಎರಡು ಜಾಲಿ ಒಡೆದೆ. ಸಂದು ತುಂಬಲು ನಾವು ಕಲಸಿದ್ದು ಒಂದು ಪಾಲು ನೆನೆಸಿಟ್ಟ ಸುಣ್ಣ, ಒಂದು ಪಾಲು ಸುರ್ಕಿ (ಇಟ್ಟಿಗೆ ಪುಡಿ), ಎರಡು ಪಾಲು ತೊಳೆದ ಮರಳು. ಈ ಗಾರೆ ಸುಟ್ಟ ಮಣ್ಣಿಗಿಂತ ಮೆತ್ತಗಿರಬೇಕು. ಸಂದನ್ನು ಮೊದಲು ಒದ್ದೆ ಮಾಡಿ, ತುಂಬಿದ ಮೇಲೆ ಒಂದು ವಾರ ಒದ್ದೆ ಗೋಣಿ ಹೊದಿಸಿ. ಸುಣ್ಣ ಕಣ್ಣು, ಕೈ ಸುಡುತ್ತದೆ. ಕನ್ನಡಕ, ಗ್ಲೌಸ್ ಮರೆಯಬೇಡಿ.

ಕಳಶದೊಳಗೆ ಕಬ್ಬಿಣದ ಸರಳಿತ್ತು. ತುಕ್ಕು ಹಿಡಿದು ಉಬ್ಬಿ, ಕಳಶವನ್ನೇ ಎರಡು ಹೋಳು ಮಾಡಿತ್ತು. ಅದನ್ನು ತೆಗೆದು ಸ್ಟೇನ್‌ಲೆಸ್ ಸ್ಟೀಲ್ ಕಡ್ಡಿ ಹಾಕಿದೆವು. ಹೋಳುಗಳನ್ನು ಎಪಾಕ್ಸಿಯಿಂದ ಅಂಟಿಸುವಾಗ ಅಲ್ಲಲ್ಲಿ ಚುಕ್ಕಿ ಇಟ್ಟರೆ ಸಾಕು. ಪೂರ್ತಿ ಬಳಿದರೆ ಅಲ್ಲೂ ನೀರಿಗೆ ತಡೆ. ಸಣ್ಣಪುಟ್ಟ ಚಕ್ಕೆ ಹೋದದ್ದನ್ನು ಹಾಗೇ ಬಿಟ್ಟೆ, ನೂರು ವರ್ಷದ ಮುಖಕ್ಕೆ ಸುಕ್ಕು ಇರಲಿ.

ಪೂರ್ತಿ ಹೋದ ಜಾಲಿಗೆ ಪಾಟರಿ ಟೌನ್‌ಗೆ ಹೋದೆ. ಕುಂಬಾರರು ಹಳೆಯದನ್ನು ಅಳೆದು, ‘ಇದೇ ಅಳತೆ ಅಚ್ಚು ಮಾಡಿದ್ರೆ ಕೂರಲ್ಲ ಸಾರ್, ಮಣ್ಣು ಒಣಗಿ ಬೆಂದ ಮೇಲೆ ಕುಗ್ಗುತ್ತೆ’ ಎಂದರು. ಅಚ್ಚನ್ನು ಸುಮಾರು ಹತ್ತನೇ ಒಂದು ಭಾಗ ದೊಡ್ಡದು ಮಾಡಿದರು. ಒಂದೇ ಒಂದು ಸುಟ್ಟು ನೋಡಿ, ಸರಿಹೋದ ಮೇಲೆ ಉಳಿದ ಏಳನ್ನು ಮಾಡಿಸಿದೆ. ಬಣ್ಣ ಹಳೆಯದಕ್ಕೆ ಹೊಂದಲಿಲ್ಲ. ಪಕ್ಕದ ಮನೆಯವರು ‘ಪಾಲಿಶ್ ಹೊಡೆಸಿಬಿಡಿ’ ಎಂದರು. ನಾನು ಹೊಡೆಸಲಿಲ್ಲ, ಎರಡು ಮಳೆಗೆ ತಾನೇ ಕಪ್ಪಾಗುತ್ತದೆ.